ಟ್ರಾನ್ಸ್‌ಫಾರ್ಮರ್ ಕೈಯಲ್ಲಿ ಸುತ್ತುವಾಗ ಎಣಿಕೆ ತಪ್ಪಿದರೆ ಏನಾಗುತ್ತದೆ?

ನಿಮ್ಮ ಪ್ರಶ್ನೆ ಹೀಗಿದೆ: ಹಳೆಯ ಆಂಪ್ಲಿಫೈಯರ್‌ನ 14-0-14 ವೋಲ್ಟ್, 1 ಆಂಪಿಯರ್ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ. ಅಂಗಡಿಯಲ್ಲಿ 12 ಇಲ್ಲವೇ 15 ವೋಲ್ಟಿನದು ಮಾತ್ರ ಸಿಗುತ್ತಿದೆ. ಮನೆಯಲ್ಲೇ ಸುತ್ತಬಹುದೇ? ಸಾವಿರಾರು ಸುತ್ತಿನಲ್ಲಿ ಎಣಿಕೆ ತಪ್ಪಿದರೆ ಗತಿಯೇನು?

ಧಾರಾಳವಾಗಿ ಸುತ್ತಬಹುದು. ರೇಡಿಯೋ, ಆಂಪ್ಲಿಫೈಯರ್ ರಿಪೇರಿಗೆ ನಾನು ಇಂಥವನ್ನು ಸುತ್ತುತ್ತಲೇ ಇರುತ್ತೇನೆ, ಇಷ್ಟಪಟ್ಟು ಮಾಡುವ ಕೆಲಸ ಇದು. ಎಣಿಕೆಯ ಭಯ ಬಿಡಿ. ಪ್ರೈಮರಿಯಲ್ಲಿ, ಅಂದರೆ 230 ವೋಲ್ಟ್ ಕೊಡುವ ಕಡೆಯ ಸುತ್ತುಗಳಲ್ಲಿ, ಹತ್ತು ಸುತ್ತು ಆಚೀಚೆ ಆದರೆ ಔಟ್‌ಪುಟ್‌ನಲ್ಲಿ 0.1 ವೋಲ್ಟಿನಷ್ಟೂ ವ್ಯತ್ಯಾಸ ಬರುವುದಿಲ್ಲ. ಆದರೆ ಒಂದೇ ಒಂದು ಸುತ್ತು ಇನ್ನೊಂದಕ್ಕೆ ಶಾರ್ಟ್ ಆದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಹಾಗಾಗಿ ನಿಮ್ಮ ಗಮನವೆಲ್ಲ ತಂತಿಯ ಮೇಲಿನ ಎನಾಮೆಲ್ ಲೇಪ ಮತ್ತು ಪದರಗಳ ನಡುವಿನ ಪೇಪರ್ ಮೇಲೆ ಇರಲಿ.

ಬಿಚ್ಚುವ ಮೊದಲು ಒಂದು ವಿಷಯ. ಎಷ್ಟೋ ಚಿಕ್ಕ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಪ್ರೈಮರಿಯ ಜೊತೆ, ಹೊರಗಿನ ಟೇಪಿನ ಕೆಳಗೆ, ಒಂದು ಥರ್ಮಲ್ ಫ್ಯೂಸ್ ಅಡಗಿರುತ್ತದೆ. ಸುಟ್ಟ ವಾಸನೆ ಇಲ್ಲದೆ ಪ್ರೈಮರಿ ಮಾತ್ರ ಓಪನ್ ತೋರಿಸುತ್ತಿದ್ದರೆ ಅದನ್ನೇ ಹುಡುಕಿ. ಅಷ್ಟೇ ಹೋಗಿದ್ದರೆ ಅದೇ ಉಷ್ಣತೆಯ ಹೊಸ ಫ್ಯೂಸ್ ಹಾಕಿ ಮುಗಿಸಬಹುದು. ನೇರ ತಂತಿ ಹಾಕಿ ಜೋಡಿಸುವುದು ಮಾತ್ರ ಬೇಡವೇ ಬೇಡ.

ನಿಜವಾಗಿಯೂ ಸುಟ್ಟಿದ್ದರೆ, ಸಾಮಾನ್ಯವಾಗಿ ಹೊರಗಡೆ ಇರುವ ಸೆಕೆಂಡರಿಯನ್ನು (ಔಟ್‌ಪುಟ್ ಕಡೆಯ ಸುತ್ತು) ಎಣಿಸುತ್ತಾ ಬಿಚ್ಚಿ, ತಂತಿಯ ಗೇಜ್ (ದಪ್ಪದ ಅಳತೆ) ನೋಡಿ ಬರೆದಿಡಿ. ಕಂಪನಿಯವರ ಎಣಿಕೆಗಿಂತ ಒಳ್ಳೆಯ ಲೆಕ್ಕ ಇಲ್ಲ. ಕರಗಿ ಮುದ್ದೆಯಾಗಿದ್ದರೆ ಮಾತ್ರ ಸೂತ್ರದ ಮೊರೆ ಹೋಗಬೇಕು. ನಮ್ಮ 50 ಹರ್ಟ್ಸ್ ಕರೆಂಟಿಗೆ, ಕೋರ್‌ನಲ್ಲಿ ಕಾಂತಕ್ಷೇತ್ರದ ತೀವ್ರತೆ 1 ಟೆಸ್ಲಾ ಎಂದು ಹಿಡಿದರೆ, ಒಂದು ವೋಲ್ಟಿಗೆ ಬೇಕಾದ ಸುತ್ತು = 45 ÷ ಕೋರ್‌ನ ನಡುಗಾಲಿನ (ತಂತಿಯ ಸುರುಳಿಯ ಒಳಗೆ ಕೂರುವ ಭಾಗ) ಅಡ್ಡಕೊಯ್ತದ ವಿಸ್ತೀರ್ಣ (ಚದರ ಸೆಂಟಿಮೀಟರ್). ನಿಮ್ಮದು 28 ವಿಎ (28 ವೋಲ್ಟ್ × 1 ಆಂಪಿಯರ್). ಅದರ ವರ್ಗಮೂಲ ಸುಮಾರು 5.3, ಅಂದರೆ ಕೋರ್ ಕನಿಷ್ಠ ಅಷ್ಟು ಚದರ ಸೆಂಟಿಮೀಟರ್ ಇರಬೇಕು. ನಡುಗಾಲು ಒಂದು ಇಂಚು ಅಗಲ, ಸ್ಟಾಂಪಿಂಗ್ (ಕೋರ್‌ನ ತೆಳು ತಗಡು) ಜೋಡಣೆ ಒಂದು ಇಂಚು ದಪ್ಪ ಇದ್ದರೆ 6.45 ಬರುತ್ತದೆ. ತಗಡುಗಳ ನಡುವಿನ ಸಂದಿ ಕಳೆದು 6 ಎಂದು ಹಿಡಿಯಿರಿ.

45 ÷ 6 = 7.5. ಪ್ರೈಮರಿ 230 × 7.5 = 1725 ಸುತ್ತು. ಸೆಕೆಂಡರಿಯ ಒಂದೊಂದು ಅರ್ಧಕ್ಕೆ 14 × 7.5 = 105, ಲೋಡ್ ಬಿದ್ದಾಗ ವೋಲ್ಟೇಜ್ ಇಳಿಯುತ್ತದಲ್ವಾ, ಅದಕ್ಕೆ 5% ಸೇರಿಸಿ 110. ಪ್ರೈಮರಿಗೆ 33 ಗೇಜ್ ತಂತಿ, ಸೆಕೆಂಡರಿಗೆ 22 ಗೇಜ್. ಇಷ್ಟೂ ತಂತಿ ಸುತ್ತುವ ಅಚ್ಚಾದ ಬಾಬಿನ್‌ನಲ್ಲಿ ಹಿಡಿಯುತ್ತದೆ, ಆದರೆ ಒತ್ತೊತ್ತಾಗಿ ನೀಟಾಗಿ ಸುತ್ತಿದರೆ ಮಾತ್ರ. ಪಂಪ್‌ಸೆಟ್ ಮೋಟರ್ ಕಟ್ಟುವ ವೈಂಡಿಂಗ್ ಸಾಮಾನಿನ ಅಂಗಡಿಗಳಲ್ಲಿ ತಂತಿ ತೂಕದ ಲೆಕ್ಕದಲ್ಲಿ ಸಿಗುತ್ತದೆ.

ಒಂದು ಸುತ್ತು ಶಾರ್ಟ್ ಆದರೆ ಅಷ್ಟೊಂದು ಕೆಡುಕು ಯಾಕೆ? ಪ್ರತಿ ಸುತ್ತಿನಲ್ಲೂ ಸುಮಾರು 0.13 ವೋಲ್ಟ್ ಹುಟ್ಟುತ್ತದೆ. ಏನೂ ಅಲ್ಲ ಅನಿಸುತ್ತದೆ. ಆದರೆ 33 ಗೇಜಿನ ಒಂದು ಸುತ್ತು ಅಂದರೆ 13 ಸೆಂಟಿಮೀಟರ್ ತಂತಿ, ಅದರ ರೆಸಿಸ್ಟೆನ್ಸ್ 0.05 ಓಮ್‌ಗಿಂತ ಕಡಿಮೆ. ಆ ಸುತ್ತು ತನ್ನಲ್ಲೇ ಮುಚ್ಚಿಕೊಂಡರೆ ಸುಮಾರು 3 ಆಂಪಿಯರ್ ಹರಿಯುತ್ತದೆ. ಪ್ರೈಮರಿ ತಂತಿ ಹೊರಬೇಕಾದದ್ದು 0.15 ಆಂಪಿಯರ್ ಕೂಡ ಇಲ್ಲ! ಅದು ಕಾದು ಪಕ್ಕದ ಎನಾಮೆಲ್ ಸುಡುತ್ತದೆ, ಆಗ ಎರಡು ಸುತ್ತು ಶಾರ್ಟ್, ಆಮೇಲೆ ಹತ್ತು.

ಈ ಶಾರ್ಟ್ ಹೆಚ್ಚಾಗಿ ಆಗುವುದು ಬಾಬಿನ್‌ನ ಅಂಚಿನಲ್ಲಿ. ಒಂದು ಪದರಕ್ಕೆ ಸುಮಾರು 120 ಸುತ್ತು ಹಿಡಿಯುತ್ತದೆ. ಪದರ ಮುಗಿದು ತಂತಿ ಹಿಂದಿರುಗಿ ಬಂದಾಗ ಮೇಲಿನ ಸುತ್ತಿಗೂ ಅದರ ಕೆಳಗಿನ ಸುತ್ತಿಗೂ 32 ವೋಲ್ಟ್ ವ್ಯತ್ಯಾಸ. ಅಂಚಿನ ಸಂದಿಯಲ್ಲಿ ಒಂದು ಸುತ್ತು ಜಾರಿ ನಾಲ್ಕು ಪದರ ಕೆಳಗೆ ಕೂತರೆ ಅದು ಅರವತ್ತು ದಾಟುತ್ತದೆ. ಅದಕ್ಕೇ ನಾನು ಎರಡು ಪದರಕ್ಕೊಮ್ಮೆ ತೆಳು ಇನ್ಸುಲೇಷನ್ ಪೇಪರ್ ಹಾಕುತ್ತೇನೆ. ಪೇಪರನ್ನು ಬಾಬಿನ್ ಅಗಲಕ್ಕಿಂತ ಎರಡು ಮಿಲಿಮೀಟರ್ ಜಾಸ್ತಿ ಕತ್ತರಿಸಿ, ಅಂಚುಗಳಲ್ಲಿ ಕತ್ತರಿಯಿಂದ ಸಣ್ಣ ಸಣ್ಣ ಕಚ್ಚು ಕೊಟ್ಟರೆ ಅದು ಮಡಿಸಿಕೊಂಡು ಸಂದಿಯನ್ನು ಮುಚ್ಚುತ್ತದೆ. ಪ್ರೈಮರಿ ಮುಗಿದ ಮೇಲೆ, ಸೆಕೆಂಡರಿಗೆ ಮೊದಲು, ಕನಿಷ್ಠ ಮೂರು ಸುತ್ತು ದಪ್ಪ ಪಾಲಿಯೆಸ್ಟರ್ ಹಾಳೆ ಬೇಕೇ ಬೇಕು. ಮನೆಯವರ ಕೈಗೂ 230 ವೋಲ್ಟಿಗೂ ನಡುವೆ ಇರುವುದು ಅದೊಂದೇ. ಇಲ್ಲಿ ಉಳಿತಾಯ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಸುತ್ತಲು ಹ್ಯಾಂಡ್ ವೈಂಡಿಂಗ್ ಮಷೀನ್ ಇದ್ದರೆ ಸುಖ. ಇಲ್ಲದಿದ್ದರೆ ಬಾಬಿನ್ ಒಳಗೆ ಮರದ ತುಂಡು, ಅದರ ನಡುವೆ ಬೋಲ್ಟ್, ಬೋಲ್ಟನ್ನು ಕೈ ಡ್ರಿಲ್ಲಿಗೆ ಸಿಕ್ಕಿಸಿ. ಎಣಿಕೆಗೆ ಹಳೆಯ ಕ್ಯಾಲ್ಕುಲೇಟರ್ ಸಾಕು: ಸಮ ಚಿಹ್ನೆಯ ಗುಂಡಿಯ ಎರಡು ತುದಿಗೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ಸ್ವಿಚ್), ತಿರುಗುವ ಭಾಗಕ್ಕೆ ಒಂದು ಅಯಸ್ಕಾಂತ. 1 + ಒತ್ತಿಟ್ಟರೆ ಪ್ರತಿ ಸುತ್ತಿಗೂ ಒಂದು ಏರುತ್ತದೆ. ಜೋರಾಗಿ ತಿರುಗಿಸಿದರೆ ಕ್ಯಾಲ್ಕುಲೇಟರ್ ಕೆಲವು ಸುತ್ತು ಬಿಟ್ಟುಬಿಡುತ್ತದೆ, ನಿಧಾನ ಇರಲಿ. ತಂತಿಯನ್ನು ಹತ್ತಿ ಬಟ್ಟೆಯ ಮಡಿಕೆಯಲ್ಲಿ ಹಿಡಿದು ಬಿಡುತ್ತಾ ಹೋಗಿ. ಬೆರಳಿಗೆ ಸಣ್ಣ ಗಂಟು ತಗುಲಿದರೂ ಅಲ್ಲೇ ನಿಲ್ಲಿಸಿ ನೋಡಿ, ಎನಾಮೆಲ್ ಹೋಗಿರಬಹುದು. ತೆಳು ತಂತಿಯ ತುದಿಯನ್ನು ಹಾಗೇ ಹೊರಗೆ ತರಬೇಡಿ, ಮೆತ್ತನೆಯ ವೈರ್ ಬೆಸುಗೆ ಹಾಕಿ ಸ್ಲೀವ್ ತೊಡಿಸಿ. ಸೆಕೆಂಡರಿಗೆ ಎರಡು ತಂತಿ ಜೊತೆಗೂಡಿಸಿ 110 ಸುತ್ತು ಹಾಕಿ, ಒಂದರ ಕೊನೆಯನ್ನು ಇನ್ನೊಂದರ ಶುರುವಿಗೆ ಸೇರಿಸಿದರೆ ಅದೇ ನಿಮ್ಮ ಸೆಂಟರ್ ಟ್ಯಾಪ್, ಅಂದರೆ 14-0-14ರ ನಡುವಿನ 0. ಎರಡು ಅರ್ಧವೂ ಸರಿಸಮ.

ಸ್ಟಾಂಪಿಂಗ್‌ಗಳನ್ನು ಒಂದು ಆ ಕಡೆಯಿಂದ, ಒಂದು ಈ ಕಡೆಯಿಂದ ತೂರಿಸಿ. ಕೊನೆಯ ಒಂದೆರಡು ಹೋಗದಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ, ಬಾಬಿನ್ ಸೀಳಿ ತಂತಿ ಕತ್ತರಿಸುತ್ತದೆ.

ವಾರ್ನಿಷ್‌ಗೆ ಮೊದಲೇ ಪರೀಕ್ಷೆ ಮಾಡಿ. ಸೆಕೆಂಡರಿ ಖಾಲಿ ಬಿಟ್ಟು ಪ್ರೈಮರಿಯನ್ನು 40 ವ್ಯಾಟ್ ಹಳೇ ಮಾದರಿ ಬಲ್ಬಿನ ಸೀರೀಸ್ ಬೋರ್ಡಿಗೆ (ಕರೆಂಟ್ ಬಲ್ಬಿನ ಮೂಲಕವೇ ಹಾದು ಬರುವ ಬೋರ್ಡು) ಕೊಡಿ, ಎಲ್‌ಇಡಿ ಬಲ್ಬ್ ಆಗುವುದಿಲ್ಲ. ಬಲ್ಬ್ ಉರಿಯದಿದ್ದರೆ ದೊಡ್ಡ ಶಾರ್ಟ್ ಇಲ್ಲ ಎಂದರ್ಥ. ಉರಿದರೆ ಒಳಗೆ ಶಾರ್ಟ್ ಇದೆ, ಬಿಚ್ಚಲೇಬೇಕು. ಆಮೇಲೆ ವೈಂಡಿಂಗ್ ಅಂಗಡಿಯಲ್ಲಿ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿಸಿ, ಪ್ರೈಮರಿಯಿಂದ ಸೆಕೆಂಡರಿಗೆ, ಪ್ರೈಮರಿಯಿಂದ ಕೋರ್‌ಗೆ ಎರಡೂ ನೋಡಿ. ಅದು ಪಾಸಾದರೆ ವಾರ್ನಿಷ್‌ನಲ್ಲಿ ಅದ್ದಿ ಚೆನ್ನಾಗಿ ಒಣಗಿಸಿ. ಆಂಪ್ಲಿಫೈಯರ್‌ಗೆ ಕೂರಿಸುವಾಗ ಕೋರ್‌ಗೆ ಅರ್ಥ್ ಕೊಡಿ, ಪ್ರೈಮರಿ ದಾರಿಯಲ್ಲಿ 250 ಮಿಲಿಆಂಪಿಯರ್‌ನ ಸ್ಲೋ ಬ್ಲೋ ಫ್ಯೂಸ್ ಹಾಕಿ.