ಅನುಭವವೂ ಅರಿವೇ ಅಲ್ವಾ?

ಪ್ರಶ್ನೆ: ಸೋಮವಾರಪೇಟೆ ಕಡೆ ನಮ್ಮದು ಅರೇಬಿಕಾ ಕಾಫಿ ತೋಟ. ಮರ ಕಪಾತು (ಕೊಂಬೆ ಕಡಿಯುವುದು) ಎಷ್ಟು ಮಾಡಬೇಕು, ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಅಂತ ಅಜ್ಜ ಪುಸ್ತಕ ನೋಡದೆಯೇ ಹೇಳುತ್ತಿದ್ದರು. ಅದೂ ಅರಿವೇ ಅಲ್ವಾ? ಹಾಗಿದ್ದರೆ ಹೊಸ ವಿಷಯ ಜಾಸ್ತಿ ವಿಜ್ಞಾನದಿಂದಲೇ ಏಕೆ ಬರುತ್ತದೆ?

ಉತ್ತರ: ಖಂಡಿತ ಅರಿವೇ. ಅದಿಲ್ಲದೆ ಕೊಡಗಿನಲ್ಲಿ ಒಂದು ತೋಟವೂ ನಿಲ್ಲುತ್ತಿರಲಿಲ್ಲ. ಆದರೆ ಅನುಭವ ಕಂಡು ಗೊತ್ತಿರುವುದಕ್ಕೆ ಒದಗುತ್ತದೆ. ಹಿಂದೆಂದೂ ಕಾಣದ್ದು ಎದುರಾದಾಗ ತಡವರಿಸುತ್ತದೆ. ನಿಮಗೆ ಗೊತ್ತಿರುವ ಎಲೆ ತುಕ್ಕು ರೋಗವನ್ನೇ ನೋಡಿ.

1869ರಲ್ಲಿ ಈ ರೋಗ ಶ್ರೀಲಂಕಾದ ಕಾಫಿ ತೋಟಗಳಿಗೆ ಬಿತ್ತು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ, ಆಮೇಲೆ ಎಲೆ ಉದುರಿ ಬರೀ ಕಡ್ಡಿ. ಹವೆ ಕೆಟ್ಟಿದೆ ಎಂದರು ಕೆಲವರು, ಮಣ್ಣು ಸೋತಿದೆ ಎಂದರು ಇನ್ನು ಕೆಲವರು. ಎಲ್ಲರೂ ಅನುಭವಸ್ಥರೇ. ಯಾರ ಮಾತು ತಪ್ಪು ಎಂದು ತೀರ್ಮಾನಿಸಲು ಮಾತ್ರ ದಾರಿ ಇರಲಿಲ್ಲ.

1880ರಲ್ಲಿ ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಯುವ ಸಸ್ಯವಿಜ್ಞಾನಿ ಅಲ್ಲಿಗೆ ಹೋದರು. ರೋಗ ಗಾಳಿಯಲ್ಲಿ ಹರಡುತ್ತದೆಯೇ? ಅವರು ವಾದಕ್ಕೆ ಇಳಿಯಲಿಲ್ಲ. ಗಾಜಿನ ಪಟ್ಟಿಗೆ ಅಂಟು ಸವರಿ ತೋಟದಲ್ಲಿಟ್ಟರು. ಗಾಜು ಖಾಲಿ ಉಳಿದಿದ್ದರೆ ಅವರ ಊಹೆಯೇ ಬಿದ್ದುಹೋಗುತ್ತಿತ್ತು. ಖಾಲಿ ಉಳಿಯಲಿಲ್ಲ, ಶಿಲೀಂಧ್ರದ ಬೀಜಕಣಗಳು ಅಂಟಿಕೊಂಡಿದ್ದವು. ಅದೇ ಪುಡಿಯನ್ನು ಒಳ್ಳೆಯ ಎಲೆಗೆ ಹಾಕಿದರು, ರೋಗ ಬಂತು. ನೀರಿನ ಹನಿ ಇದ್ದರೆ ಕಣ ಮೊಳೆಯುತ್ತದೆ, ಎಲೆಯ ಅಡಿಭಾಗದ ಸಣ್ಣ ರಂಧ್ರಗಳಿಂದ ಒಳಗೆ ಇಳಿಯುತ್ತದೆ ಎಂಬುದನ್ನೂ ಕಂಡುಕೊಂಡರು. ಮಳೆಗಾಲಕ್ಕೆ ಮುಂಚೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸುವಾಗ "ಎಲೆ ಅಡಿಗೆ ಬೀಳಲಿ" ಎನ್ನುತ್ತೀರಲ್ಲ, ಕಾರಣ ಇದೇ.

ನನ್ನ ಮಟ್ಟಿಗೆ ವಿಜ್ಞಾನದ ಬಲವೆಲ್ಲ ಆ ಗಾಜಿನ ಪಟ್ಟಿಯಲ್ಲಿದೆ. ನನ್ನ ಮಾತು ತಪ್ಪಾಗಿದ್ದರೆ ಅದು ಹೇಗೆ ಗೊತ್ತಾಗಬೇಕು ಎಂದು ಮೊದಲೇ ಏರ್ಪಾಡು ಮಾಡಿಕೊಳ್ಳುವುದು. ಮಾಡಿದ್ದನ್ನು ಬರೆದಿಡುವುದು, ಬೇರೆಯವರೂ ಮಾಡಿ ನೋಡಲಿ ಅಂತ. ವಾರ್ಡ್ ಶ್ರೀಲಂಕಾದ ಕಾಫಿಯನ್ನು ಉಳಿಸಲಿಲ್ಲ, ತೋಟಗಾರರು ಟೀ ಕಡೆ ತಿರುಗಿದರು. ಆದರೆ ಅವರು ಬರೆದಿಟ್ಟದ್ದು ಮುಂದಿನವರಿಗೆ ಮೆಟ್ಟಿಲಾಯಿತು.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ತುಕ್ಕು ತಡೆದ ಕೆಂಟ್ ಎಂಬ ಕಾಫಿ ತಳಿಯ ಗಿಡವನ್ನು ಗುರುತಿಸಿದ್ದು ಮೈಸೂರು ಸೀಮೆಯ ಒಬ್ಬ ತೋಟಗಾರರ ಕಣ್ಣು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಹತ್ತಿತು. ತಳಿ ಹಾಳಾಯಿತು ಎಂದು ಸುಮ್ನೆ ಕೈಬಿಡಬಹುದಿತ್ತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ವಿಜ್ಞಾನಿ ಮೇನ್ 1930ರ ದಶಕದಲ್ಲಿ ಬೇರೆಯೇ ಪ್ರಶ್ನೆ ಕೇಳಿದರು: ಬದಲಾದದ್ದು ಗಿಡವೋ, ರೋಗವೋ? ತುಕ್ಕಿನಲ್ಲೇ ಬೇರೆ ಬೇರೆ ಬಗೆಗಳಿವೆ ಎಂದು ತಿಳಿಯಿತು. ಕೆಂಟ್ ಜೊತೆ ಬೇರೊಂದು ತಳಿ ಕೂಡಿಸಿ ಬೆಳೆಸಿದ ಎಸ್. 795 ಎಂಬ ತಳಿ ಆಮೇಲೆ, 1940ರ ದಶಕದಲ್ಲಿ ಬಂತು. ಸೋಲಿನಿಂದಲೇ ಹೊಸ ಪ್ರಶ್ನೆ ಹುಟ್ಟುತ್ತದೆ, ನೋಡಿ.

ಕಪಾತಿನ ಲೆಕ್ಕವನ್ನೂ ನೀವು ಹೀಗೆ ಪರೀಕ್ಷಿಸಬಹುದು. ಒಂದೇ ಇಳಿಜಾರಿನಲ್ಲಿ, ಒಂದೇ ವಯಸ್ಸಿನ ಗಿಡಗಳಿರುವ ಎರಡು ಪಟ್ಟಿ ಆರಿಸಿ. ಒಂದಕ್ಕೆ ಮನೆಯಲ್ಲಿ ನಡೆದುಬಂದ ಕಪಾತು, ಇನ್ನೊಂದಕ್ಕೆ ಬೇರೆ. ಗೊಬ್ಬರ, ಸ್ಪ್ರೇ ಎರಡಕ್ಕೂ ಒಂದೇ ಇರಲಿ. ಕೊಯ್ಲಿನ ತೂಕ ಬೇರೆ ಬೇರೆ ಬರೆದಿಡಿ. ಒಂದು ವರ್ಷದ ಫಸಲು ನೋಡಿ ತೀರ್ಮಾನಕ್ಕೆ ಬರಬೇಡಿ, ಅರೇಬಿಕಾ ಒಂದು ವರ್ಷ ಜಾಸ್ತಿ ಬಿಟ್ಟರೆ ಮರುವರ್ಷ ಕಡಿಮೆ ಬಿಡುತ್ತದೆ.