ಚಿತ್ರಕಥೆ ಕಳುಹಿಸಿದ ‘ಸಹನಿರ್ದೇಶಕ’

(ಹೆಸರು, ಊರು, ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಮೇಘನಾಳಿಗೆ ಹದಿಮೂರು ವರ್ಷ, ಎಂಟನೇ ತರಗತಿ. ತಂದೆ ಸಕಲೇಶಪುರದ ಕಡೆ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು. ಊಟ ಬಿಟ್ಟಿದ್ದಾಳೆ, ಮೊಬೈಲ್ ಸದ್ದಾದರೆ ಬೆಚ್ಚುತ್ತಾಳೆ ಎಂದು ತಾಯಿ ಹಾಸನಕ್ಕೆ, ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಕರೆತಂದರು. ಪರೀಕ್ಷೆಯ ಭಯವಿರಬೇಕು ಎಂಬುದು ಅವರ ಊಹೆ.

ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಗೆ ಮೊದಲೇ ಹೇಳಿದೆ: “ನಿನ್ನ ಮಾತು ನನ್ನಲ್ಲೇ ಉಳಿಯುತ್ತದೆ. ಆದರೆ ಯಾರಿಂದಲಾದರೂ ನಿನಗೆ ಅಪಾಯವಿದ್ದರೆ ಮುಚ್ಚಿಡಲಾರೆ. ಯಾರಿಗೆ, ಹೇಗೆ ಹೇಳುವುದೆಂದು ಇಬ್ಬರೂ ಕೂಡಿ ಯೋಚಿಸೋಣ.” ಗುಟ್ಟು ಕಾಯುವೆನೆಂದು ಮಾತು ಕೊಟ್ಟು ಮುರಿದರೆ ಮಗು ಮತ್ತೆ ಯಾರ ಬಳಿಯೂ ಬಾಯಿ ಬಿಡುವುದಿಲ್ಲ. ಬಹಳ ಹೊತ್ತು ಸುಮ್ಮನಿದ್ದವಳು ಫೋನನ್ನೇ ನನ್ನ ಕೈಗಿಟ್ಟಳು.

ನಮ್ಮ ಮಲೆನಾಡಿಗೆ ಸಿನಿಮಾದವರು ಬಂದು ಹೋಗುವುದು ಹೊಸದಲ್ಲ. ಹಾಗಾಗಿ ಇನ್‌ಸ್ಟಾಗ್ರಾಂನಲ್ಲಿ ‘ಸಹನಿರ್ದೇಶಕ’ನೊಬ್ಬ ಮಾತನಾಡಿಸಿದಾಗ ಅವಳಿಗೆ ಅನುಮಾನ ಬರಲಿಲ್ಲ. ಹದಿಹರೆಯದ ಹುಡುಗಿಯೊಬ್ಬಳು ಅಪಾಯಕ್ಕೆ ಸಿಲುಕುವ ಕಥೆಯಂತೆ. ನಾಯಕಿ ಇವಳೇ ಅಂತೆ! ಪಾತ್ರ ಸಹಜವಾಗಿರಲು ನಿನ್ನ ಬದುಕನ್ನೇ ಹೇಳು ಎಂದ. ಅಪ್ಪ ಎಷ್ಟು ಹೊತ್ತಿಗೆ ಬರುತ್ತಾರೆ, ಅಮ್ಮ ಬೈದಾಗ ಯಾರ ಹತ್ತಿರ ಹೇಳಿಕೊಳ್ಳುತ್ತೀಯ, ಒಬ್ಬಳೇ ಇರುವುದು ಯಾವಾಗ? ಪಾತ್ರದ ನೆಪದಲ್ಲಿ ಅವನು ಮನೆಯ ಇಡೀ ದಿನಚರಿ ತಿಳಿದುಕೊಂಡಿದ್ದ. ವಾರಗಟ್ಟಲೆ ಅವನು ಮಾಡಿದ್ದು ಕೇಳಿಸಿಕೊಳ್ಳುವ ಕೆಲಸ ಮಾತ್ರ. ಆ ಮನೆಯಲ್ಲಿ ಅವಳ ಮಾತಿಗೆ ಅಷ್ಟು ಕಿವಿಗೊಟ್ಟವರು ಬೇರೆ ಯಾರೂ ಇರಲಿಲ್ಲ ಎನ್ನುವುದನ್ನು ತಂದೆತಾಯಿಗೆ ಹೇಳುವುದು ನನಗೆ ಸುಲಭವಾಗಲಿಲ್ಲ.

ಆಮೇಲೆ ಕೇಳಬಾರದ ಫೋಟೊ ಕೇಳಿದ. ಒಂದು ಹೋಯಿತು. ಮರುದಿನದಿಂದ ಬೆದರಿಕೆ: ಬೇಲೂರಿಗೆ ಒಬ್ಬಳೇ ಬಾ, ಇಲ್ಲದಿದ್ದರೆ ಎಲ್ಲರಿಗೂ ಕಳುಹಿಸುತ್ತೇನೆ, ಮನೆಯಲ್ಲಿ ಗೊತ್ತಾದರೆ ನಿನ್ನ ಶಾಲೆಯೇ ನಿಲ್ಲುತ್ತದೆ.

ಸುದ್ದಿ ಕೇಳಿ ಓಡಿಬಂದ ತಂದೆಯ ಮೊದಲ ಮಾತು, “ಇನ್ನು ಶಾಲೆಯೂ ಬೇಡ, ಫೋನೂ ಬೇಡ.” ಅವನು ಹೇಳಿದ್ದನ್ನೇ ನೀವು ನಿಜ ಮಾಡುತ್ತಿದ್ದೀರಿ ಎಂದೆ. ಅವಳ ಬಾಯಿ ಕಟ್ಟಿದ್ದು ಅವನ ಬೆದರಿಕೆಗಿಂತ ಹೆಚ್ಚಾಗಿ ಈ ಭಯ. “ಏಕೆ ಕಳುಹಿಸಿದೆ?” ಎಂದು ಕೇಳದಿರಿ, “ಹೇಳಿದ್ದು ಒಳ್ಳೆಯದಾಯಿತು” ಎನ್ನಿ, ಇವತ್ತೇ.

ಸಂದೇಶ ಅಳಿಸಬೇಡಿ, ಅವನೊಂದಿಗೆ ಜಗಳವಾಡಬೇಡಿ. ಅವನ ಖಾತೆಯ ಹೆಸರು, ಮಾತುಕತೆ ಹಾಗೆಯೇ ಇರಲಿ. ಸಾಕ್ಷಿಗೆಂದು ಆ ಫೋಟೊವನ್ನು ಅಣ್ಣನಿಗೋ ಭಾವನಿಗೋ ಕಳುಹಿಸಲೇಬೇಡಿ. ಮಗುವಿನ ಅಂಥ ಚಿತ್ರವನ್ನು ಹಂಚುವುದೇ ಅಪರಾಧ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ವಿಷಯ ತಿಳಿದ ಮೇಲೆ ನಾನು ಪೊಲೀಸರಿಗೆ ತಿಳಿಸಲೇಬೇಕು. ಮೇಘನಾ ಹೆದರಿದ್ದು ಠಾಣೆಗೆ. ಹೇಳಿಕೆಯನ್ನು ಮನೆಯಲ್ಲೇ ಕೊಡಬಹುದು, ಪೊಲೀಸರು ಸಮವಸ್ತ್ರದಲ್ಲಿ ಬರುವಂತಿಲ್ಲ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಅಮ್ಮ ಪಕ್ಕದಲ್ಲಿರಬಹುದು ಎಂದು ವಿವರಿಸಿದಾಗ ಅವಳ ಉಸಿರು ಸ್ವಲ್ಪ ಹಗುರಾಯಿತು. ಮಕ್ಕಳ ಸಹಾಯವಾಣಿ 1098 ಬರೆದುಕೊಟ್ಟೆ. ಚಿತ್ರ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ: ಚಿತ್ರ ಫೋನಿನಿಂದ ಹೊರಹೋಗದೆ ಬೆರಳಚ್ಚಿನಂಥ ಅದರ ಡಿಜಿಟಲ್ ಗುರುತು ಮಾತ್ರ ದಾಖಲಾಗುತ್ತದೆ, ಸೇವೆಯಲ್ಲಿ ಪಾಲ್ಗೊಂಡ ಜಾಲತಾಣಗಳು ಅದನ್ನು ತಮ್ಮಲ್ಲಿ ಪತ್ತೆಹಚ್ಚಿ ತೆಗೆಯಬಹುದು.

“ಹಾಗಾದರೆ ನಾನು ಇನ್ನು ನಟಿಸಲೇಬಾರದೇ ಮೇಡಂ?” ಎಂದಳು ಹುಡುಗಿ. ಆಸೆಯಲ್ಲಿ ತಪ್ಪಿಲ್ಲ. ಹದಿನಾಲ್ಕು ತುಂಬದವರನ್ನು ಚಿತ್ರದಲ್ಲಿ ಬಳಸಲು ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು, ಪೋಷಕರ ಒಪ್ಪಿಗೆ ಬೇಕು, ದಿನಕ್ಕೆ 5 ಗಂಟೆ ಮೀರಿ ದುಡಿಸುವಂತಿಲ್ಲ. ನಿಜವಾದ ಸಿನಿಮಾದವರು ಮೊದಲು ಅಪ್ಪ ಅಮ್ಮನ ಹತ್ತಿರ ಮಾತನಾಡುತ್ತಾರೆ.

ದೂರು ದಾಖಲಾಗಿದೆ. ಶಾಲೆ ನಿಂತಿಲ್ಲ. ನಿದ್ದೆ ಇನ್ನೂ ಸರಿಯಾಗಿಲ್ಲ, ಅದಕ್ಕಾಗಿ ಭೇಟಿಗಳು ಮುಂದುವರಿದಿವೆ. ಮುಂದಿನ ಸಲ ತಂದೆಯನ್ನೂ ಬರಹೇಳಿದ್ದೇನೆ.