ಬಾಣಂತನ ಮುಗಿಸಿ ಬಂದವರು ಯಾಕೆ ಬಿಡುತ್ತಾರೆ?

ಪ್ರಶ್ನೆ: ಒಂದು ಗಾರ್ಮೆಂಟ್ಸ್‌ನಲ್ಲಿ ಎಚ್‌.ಆರ್‌. ಕೆಲಸ ನೋಡಿಕೊಳ್ಳುತ್ತೇನೆ. ಹೆರಿಗೆ ರಜೆ, ಕ್ರೆಶ್ (ಕೂಸುಗಳನ್ನು ನೋಡಿಕೊಳ್ಳುವ ಕೋಣೆ) ಎರಡೂ ಇವೆ. ಆದರೂ ಬಾಣಂತನ ಮುಗಿಸಿ ಬಂದ ಹೆಣ್ಣುಮಕ್ಕಳು ಒಂದೆರಡು ತಿಂಗಳಲ್ಲೇ ಕೆಲಸ ಬಿಡುತ್ತಾರೆ. ‘ನಮ್ಮ ದೇಶದ ಸಂಸ್ಕೃತಿಯೇ ಹಾಗೆ, ಮಗು ಆದಮೇಲೆ ಹೆಂಗಸರಿಗೆ ಮನೆಯೇ ಮುಖ್ಯ, ನಾವೇನು ಮಾಡೋಕಾಗುತ್ತೆ’ ಅಂತಾರೆ ನಮ್ಮ ಮ್ಯಾನೇಜರ್. ಇದು ಸರಿಯೇ ಮೇಡಂ?
– ಓದುಗರು, ದೊಡ್ಡಬಳ್ಳಾಪುರ

ಉತ್ತರ: ಸರಿಯಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ವೆಲ್‌ಫೇರ್ ಆಫೀಸರ್ ಆಗಿದ್ದವಳು ನಾನು. ಇದನ್ನು ಧೈರ್ಯವಾಗಿಯೇ ಹೇಳುತ್ತೇನೆ.

ಮನೆಯ ಹೊರೆ ಸುಳ್ಳಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಗಂಡಸರಲ್ಲಿ ಮನೆಗೆಲಸ ಮಾಡುವವರೇ ಕಡಿಮೆ, ಮಾಡುವವರೂ ಕೊಡುವುದು 88 ನಿಮಿಷ. ಆದರೆ ನಿಮ್ಮ ಟೈಲರ್‌ಗಳು ಬಸುರಿಯಾಗುವ ಮುಂಚೆಯೂ ಅಡುಗೆ ಮಾಡಿ, ನೀರು ಹಿಡಿದಿಟ್ಟೇ ಕೆಲಸಕ್ಕೆ ಬರುತ್ತಿದ್ದರು, ಅಲ್ವಾ? ವಾಪಸ್ ಬಂದಮೇಲೆ ಫ್ಲೋರ್‌ನಲ್ಲಿ ಏನಾಯಿತು, ಅದನ್ನು ಮೊದಲು ನೋಡಿ.

ನಮ್ಮಲ್ಲಿ ಒಬ್ಬಳಿದ್ದಳು. ಕಾಲರ್ ಹಚ್ಚುವುದರಲ್ಲಿ ಎತ್ತಿದ ಕೈ. ರಜೆ ಮುಗಿಸಿ ಬಂದಾಗ ಅವಳ ಮಷೀನಿನಲ್ಲಿ ಬೇರೆಯವರು ಕೂತಿದ್ದರು. ಅವಳನ್ನು ಕಫ್ ಹೊಲಿಯಲು ಹಾಕಿದರು. ರೂಢಿಯಿಲ್ಲದ ಕೆಲಸ, ಗಂಟೆಯ ಟಾರ್ಗೆಟ್ ಮಾತ್ರ ಎಲ್ಲರಷ್ಟೇ. ಮಗು ಕೆಳಗೆ ಕ್ರೆಶ್‌ನಲ್ಲೇ ಇತ್ತು. ಹಾಲು ಕುಡಿಸಿ ಬರುವಷ್ಟರಲ್ಲಿ ಮಷೀನಿನ ಮುಂದೆ ಪೀಸ್‌ಗಳ ರಾಶಿ. ಸೂಪರ್‌ವೈಸರ್ ಇಡೀ ಲೈನಿಗೆ ಕೇಳುವ ಹಾಗೆ ಬೈಯುತ್ತಿದ್ದ. ಆಮೇಲಾಮೇಲೆ ಎದೆಹಾಲು ಸೋರಿ ರವಿಕೆ ಒದ್ದೆಯಾದರೂ ಅವಳು ಊಟದ ಬೆಲ್ ಹೊಡೆಯುವ ತನಕ ಏಳುತ್ತಿರಲಿಲ್ಲ. ಕೊನೆಗೆ ರಾಜೀನಾಮೆ ಬರೆದುಕೊಟ್ಟಳು. ಕಾರಣ: ‘ಮನೆ ಸಮಸ್ಯೆ’. ನಿಮ್ಮ ಫೈಲುಗಳಲ್ಲೂ ಇದೇ ಎರಡು ಪದ ತುಂಬಿರುತ್ತವೆ. ಅಷ್ಟಕ್ಕೇ ನಂಬಿಬಿಡಬೇಡಿ.

ಕಾನೂನು ಅವಳ ಕಡೆಗೇ ಇತ್ತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿ ಮೊದಲ ಎರಡು ಮಕ್ಕಳಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಕ್ರೆಶ್ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿಬರಲು ಬಿಡಬೇಕು. ಇಎಸ್‌ಐ (ಕಾರ್ಮಿಕರ ವಿಮೆ) ಇರುವವರಿಗೆ ರಜೆಯ ಹಣ ಇಎಸ್‌ಐನಿಂದಲೇ ಬರುತ್ತದೆ, ಮಾಲೀಕರ ಜೇಬಿನಿಂದಲ್ಲ. ಇಷ್ಟೆಲ್ಲ ಇದ್ದೂ ಆ ನಾಲ್ಕು ಸಲ ಹೋಗಿಬರುವುದಕ್ಕೆ ಅವಳ ಟಾರ್ಗೆಟ್‌ನಲ್ಲಿ ಜಾಗವೇ ಇರಲಿಲ್ಲ.

ಸಂಸ್ಕೃತಿ ಬದಲಾಗುವುದೇ ಇಲ್ಲ ಅನ್ನುವವರಿಗೆ ಜಪಾನ್ ತೋರಿಸಿ. ಮದುವೆ, ಮಗು ಅಂತ ಕೆಲಸ ಬಿಡುವುದು ಅಲ್ಲಿ ಎಷ್ಟೋ ಕಾಲ ನಡೆದುಬಂದ ರೂಢಿ. ಅಪ್ಪಂದಿರಿಗೂ ಮಗು ನೋಡಿಕೊಳ್ಳಲು ಉದ್ದದ ರಜೆ ಇತ್ತು, ಆದರೆ 2012ರಲ್ಲಿ ಅದನ್ನು ತೆಗೆದುಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಆಫೀಸಿನಲ್ಲಿ ಏನಂದುಕೊಳ್ಳುತ್ತಾರೋ ಅನ್ನುವ ಅಂಜಿಕೆ. 2022ರಲ್ಲಿ ಕಾನೂನು ಬದಲಾಯಿತು. ಮಗು ಬರುತ್ತಿದೆ ಅಂತ ಹೇಳಿದ ನೌಕರನಿಗೆ ‘ರಜೆ ಬೇಕಾ’ ಅಂತ ಕಂಪನಿಯೇ ಕೇಳಬೇಕು. 2023ರ ಹೊತ್ತಿಗೆ ನೂರಕ್ಕೆ 30 ಅಪ್ಪಂದಿರು ರಜೆ ತೆಗೆದುಕೊಂಡರು. ಅದೇ ದೇಶ, ಅದೇ ಜನ. ಕೇಳಬೇಕಾದವರು ಬಾಯಿಬಿಟ್ಟು ಕೇಳಿದರು, ಅಷ್ಟೇ.

ಇನ್ನೊಂದು ವಿಷಯ. ಬಿಟ್ಟವರೆಲ್ಲ ಮನೆಯಲ್ಲಿ ಕೂತಿದ್ದಾರೆ ಅಂದುಕೊಳ್ಳಬೇಡಿ. ಎಷ್ಟೋ ಜನ ಪಿಎಫ್ ಹಣ ಬಿಡಿಸಿಕೊಳ್ಳಲೆಂದೇ ರಾಜೀನಾಮೆ ಕೊಟ್ಟು, ಆಮೇಲೆ ಪಕ್ಕದ ಗಾರ್ಮೆಂಟ್ಸ್ ಸೇರುತ್ತಾರೆ. ಸ್ಕೂಲ್ ಫೀಸು, ಆಸ್ಪತ್ರೆ, ಬಾಣಂತನದ ಸಾಲ, ಎಲ್ಲಕ್ಕೂ ಅವರ ಕೈಗೆ ಸಿಗುವ ಗಂಟು ಅದೊಂದೇ. ಪಿಎಫ್ ಹಣ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದು, ಕೇಂದ್ರ ಸರ್ಕಾರವೇ ಆದೇಶ ವಾಪಸ್ ತೆಗೆದುಕೊಳ್ಳುವಂತೆ ಮಾಡಿದ್ದು ನೆನಪಿದೆಯಲ್ಲ? ಮೇ, ಜೂನ್‌ನಲ್ಲಿ ನೀವೇ ಮಕ್ಕಳ ಸ್ಕೂಲ್ ಫೀಸಿಗೆ ಅಡ್ವಾನ್ಸ್ ಕೊಟ್ಟು ನೋಡಿ.

ಈಗ ಮಾಡಬೇಕಾದ್ದು ಹೇಳುತ್ತೇನೆ. ವಾಪಸ್ ಬಂದವಳಿಗೆ ಅವಳ ಹಳೇ ಮಷೀನೇ ಸಿಗಲಿ. ಮೊದಲ ಮೂರು ತಿಂಗಳು ಹಾಲು ಕುಡಿಸುವ ಹೊತ್ತನ್ನು ಟಾರ್ಗೆಟ್‌ನಿಂದ ಕಳೆಯಿರಿ, ಆ ಹೊತ್ತಿಗೆ ಬದಲಿ ಟೈಲರ್ ಕೂರಲಿ. ಮಗು ಅತ್ತರೆ ಆಯಾ ನೇರವಾಗಿ ತಾಯಿಯನ್ನೇ ಕರೆಯಲಿ, ಸೂಪರ್‌ವೈಸರ್ ಅಪ್ಪಣೆಗೆ ಕಾಯುವುದು ಬೇಡ. ಯಾರ ಲೈನಿನಲ್ಲಿ ಜಾಸ್ತಿ ತಾಯಂದಿರು ಬಿಡುತ್ತಿದ್ದಾರೆ ಅಂತ ಸೂಪರ್‌ವೈಸರ್‌ಗಳ ಹೆಸರು ಹಿಡಿದು ಪಟ್ಟಿ ಮಾಡಿ. ಅದನ್ನು ಮ್ಯಾನೇಜರ್ ಮುಂದಿಟ್ಟು, ಆಮೇಲೆ ಸಂಸ್ಕೃತಿಯ ಮಾತಾಡಿ.